ಜೋಳದ ದಿಂಡು, ಬೇಲಿಮರದ ಬಿಲ್ಲು

ಸೇಂಟ್ ಲೂಯಿಸ್ ನಗರದಿಂದ ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರ್ ಹೋದರೆ ಮಿಸೌರಿ ನದಿಯ ದಕ್ಷಿಣ ದಂಡೆಯಲ್ಲಿ ವಾಷಿಂಗ್ಟನ್ ಎಂಬ ಊರು ಸಿಗುತ್ತದೆ. ಹೆಸರು ಅಮೆರಿಕದ ರಾಜಧಾನಿಯದೇ. ಊರು ಮಾತ್ರ ಜರ್ಮನ್ ವಲಸಿಗರು ಬಂದು ನೆಲೆಸಿದ, ಇಟ್ಟಿಗೆ ಮನೆಗಳ ಸಣ್ಣ ಪೇಟೆ. ರಾಡಿ ಬಣ್ಣದ ಅಗಲವಾದ ಹೊಳೆ, ಅದಕ್ಕೆ ಒತ್ತಿಕೊಂಡೇ ಸಾಗುವ ರೈಲು ಹಳಿ, ಹಳಿಯ ಈಚೆಗೆ ಬೀದಿ, ಬೀದಿಯ ಮಗ್ಗುಲಿಗೆ ಮಿಸೌರಿ ಮೀರ್‌ಶಾಮ್ ಕಂಪನಿಯ ಹಳೆಯ ಇಟ್ಟಿಗೆ ಕಾರ್ಖಾನೆ. ಮುಸುಕಿನ ಜೋಳದ ದಿಂಡನ್ನು ಕೊರೆದು ತಂಬಾಕು ಸೇದುವ ಪೈಪ್ ಮಾಡುವ ಕೆಲಸ ಇಲ್ಲಿ ಇವತ್ತಿಗೂ ನಡೆಯುತ್ತಿದೆ. ಈ ಪೈಪನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸೌದೆ ಒಟ್ಟುವ, ಬೇಲಿ ರಿಪೇರಿ ಮಾಡುವ, ಕೆಲಸ ಮುಗಿದ ಮೇಲೆ ಮರದ ಬಿಲ್ಲಿಗೆ ಹೆದೆಯೇರಿಸಿ ಹುಲ್ಲಿನ ಪಿಂಡಿಗೆ ಬಾಣ ಬಿಡುವ ಮನುಷ್ಯರು ಅಮೆರಿಕದ ಈ ಮಧ್ಯಭಾಗದ ಹಳ್ಳಿಗಾಡಿನಲ್ಲಿ ಇನ್ನೂ ಇದ್ದಾರೆ. ದೂರದಿಂದ ನೋಡುವವರಿಗೆ ಅವರು ಅಜ್ಜನ ಕಾಲದ ವೇಷ ತೊಟ್ಟವರ ಹಾಗೆ ಕಾಣುತ್ತಾರೆ. ಹಾಗೆ ನೋಡುವುದು ತಪ್ಪು ಎಂಬುದು ನನ್ನ ವಾದ. ಪೈಪ್, ಬಿಲ್ಲು, ಹೊರಗಿನ ಕೆಲಸ ಈ ಮೂರನ್ನೂ ಒಂದೇ ನಿಯಮ ಹಿಡಿದಿಟ್ಟಿದೆ: ಮೂರರಲ್ಲಿ ಯಾವುದನ್ನೂ ಎಡೆಬಿಡದೆ ಮಾಡಲು ಬರುವುದಿಲ್ಲ. ಒಂದು ನಿಂತಾಗಲೇ ಇನ್ನೊಂದಕ್ಕೆ ಜಾಗ. ಅವರ ಸುಖ ಇರುವುದು ಆ ನಿಲ್ಲುವಿಕೆಯಲ್ಲಿ. ಇದಕ್ಕೆ ಸಾಕ್ಷಿ ಬೇಕೆಂದರೆ ಮಿಸೌರಿ ನದಿಯ ದಂಡೆಯನ್ನೇ ಹಿಡಿದು ಪಶ್ಚಿಮಕ್ಕೆ ಸಾಗಬೇಕು.

ಮೊದಲು ಈ ದಿಂಡಿನ ವಿಚಾರ. 1869ರಲ್ಲಿ ಹೆನ್ರಿ ಟಿಬ್ಬಿ ಎಂಬ ಡಚ್ ವಲಸಿಗ ಮರಗೆಲಸದವನು ಈ ಊರಿನಲ್ಲಿ ದಿಂಡಿನ ಪೈಪುಗಳನ್ನು ಮಾಡಿ ಮಾರಲು ತೊಡಗಿದ. ರೈತನೊಬ್ಬ ತಾನೇ ಕೆತ್ತಿಕೊಂಡಿದ್ದ ದಿಂಡಿನ ಪೈಪನ್ನು ತಂದು, ಇದನ್ನು ನಿನ್ನ ಲೇತಿನಲ್ಲಿ ಚೆನ್ನಾಗಿ ತಿರುವಿಕೊಡು ಎಂದು ಕೇಳಿದ್ದೇ ಶುರು ಎಂದು ಊರಿನವರು ಹೇಳುತ್ತಾರೆ. ದಿಂಡಿನ ಮೈಮೇಲಿನ ಗುಳಿಗಳಿಗೆ ಪ್ಲಾಸ್ಟರ್ ತುಂಬಿ ನುಣುಪುಗೊಳಿಸುವ ವಿಧಾನಕ್ಕೆ ಟಿಬ್ಬಿ 1878ರಲ್ಲಿ ಪೇಟೆಂಟ್ ಪಡೆದ. ಮುಂದೆ ಈ ಒಂದು ಕೌಂಟಿಯಲ್ಲೇ ಹಲವಾರು ದಿಂಡಿನ ಪೈಪ್ ಕಾರ್ಖಾನೆಗಳು ಎದ್ದವು. ಈಗ ಉಳಿದಿರುವುದು ಮೊದಲಿನದೇ. ಕಾಳು ಬಿಡಿಸಿದ ಮೇಲೆ ದಿಂಡನ್ನು ವರ್ಷಗಟ್ಟಲೆ ಒಣಗಲು ಬಿಡುತ್ತಾರೆ. ಹಸಿ ದಿಂಡು ಕೊರೆಯುವಾಗ ಸೀಳುತ್ತದೆ, ಸೇದುವಾಗ ಹುಳಿಯುತ್ತದೆ. ಇಪ್ಪತ್ತನೇ ಶತಮಾನದ ಹೈಬ್ರಿಡ್ ಜೋಳ ಕಾಳನ್ನು ಹೆಚ್ಚಿಸಿ ದಿಂಡನ್ನು ಸಣ್ಣದಾಗಿಸಿತು. ಆಗ ಮಿಸೌರಿ ವಿಶ್ವವಿದ್ಯಾಲಯದ ತಜ್ಞರು ಪೈಪಿಗೆಂದೇ ದಪ್ಪ, ಗಟ್ಟಿ ದಿಂಡಿನ ತಳಿಯೊಂದನ್ನು ರೂಪಿಸಿಕೊಟ್ಟರು. ಕಾಳಿಗಾಗಿ ಬೆಳೆದ ಬೆಳೆಯಲ್ಲಿ ಕಾಳು ಹೋದ ಮೇಲೆ ಉಳಿಯುವ ವಸ್ತುವಿಗೆ ಇಷ್ಟು ಆಸ್ಥೆ ದೊರೆತದ್ದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಫ್ರಾನ್ಸಿನ ಸೇಂಟ್ ಕ್ಲೋಡ್‌ನಲ್ಲಿ ಬ್ರೈಯರ್ ಗಿಡದ ಬುಡದ ಗಂಟಿನಿಂದ ಮಾಡುವ ಪೈಪುಗಳು ತಲೆಮಾರುಗಳವರೆಗೆ ಬಾಳುತ್ತವೆ, ಬೆಲೆಯೂ ಹಾಗೆಯೇ. ದಿಂಡಿನ ಪೈಪು ಅಗ್ಗ, ಹಗುರ, ಕೆಲವು ತಿಂಗಳ ಬಳಕೆಗೆ ಸುಟ್ಟು ಸವೆಯುತ್ತದೆ. ಕೆಸರಿಗೆ ಬಿದ್ದರೆ ಜೀವ ಚುರ್ರೆನ್ನುವುದಿಲ್ಲ, ಕೈ ಬಿಟ್ಟು ಹಲ್ಲಿನಲ್ಲೇ ಹಿಡಿದರೆ ದವಡೆ ನೋಯುವುದಿಲ್ಲ. ಹೊರಗಿನ ಕೆಲಸಕ್ಕೆ ಒಗ್ಗುವ ಪೈಪು ಹೊರಗಿನ ಕೆಲಸದಿಂದಲೇ ಹುಟ್ಟಿದೆ.

ಬಿಲ್ಲಿನ ಕಥೆಯೂ ಹೀಗೆಯೇ. ಮಿಸೌರಿಯ ಹೊಲಗಳ ಅಂಚಿನಲ್ಲಿ ಮುಳ್ಳಿನ, ವಕ್ರವಾದ, ಚಳಿಗಾಲದ ಹೊತ್ತಿಗೆ ಕಿತ್ತಳೆ ಗಾತ್ರದ ಹಸಿರು ಗಂಟುಗಂಟು ಕಾಯಿಗಳನ್ನು ಬುಡಕ್ಕೆ ಉದುರಿಸಿಕೊಂಡು ನಿಲ್ಲುವ ಮರವೊಂದಿದೆ. ಸಸ್ಯಶಾಸ್ತ್ರಕ್ಕೆ ಅದು ಮ್ಯಾಕ್ಲೂರಾ ಪೊಮಿಫೆರಾ, ಪುಸ್ತಕಗಳಿಗೆ ಓಸೇಜ್ ಆರೆಂಜ್, ರೈತರ ಬಾಯಲ್ಲಿ ಬರೀ ಹೆಡ್ಜ್. ಅದರ ಮೂಲ ನೆಲೆ ಇನ್ನೂ ದಕ್ಷಿಣಕ್ಕೆ, ಟೆಕ್ಸಾಸ್, ಒಕ್ಲಹೋಮ, ಅರ್ಕನ್ಸಾಗಳ ರೆಡ್ ನದಿಯ ಕಣಿವೆ. 1804ರ ಮಾರ್ಚ್‌ನಲ್ಲಿ, ಪಶ್ಚಿಮದ ಅನ್ವೇಷಣೆಗೆ ಹೊರಡಲಿದ್ದ ಮೆರಿವೆದರ್ ಲೂಯಿಸ್ ಸೇಂಟ್ ಲೂಯಿಸ್‌ನಿಂದ ಅಧ್ಯಕ್ಷ ಜೆಫರ್ಸನ್‌ಗೆ ಈ ಮರದ ಕಡ್ಡಿಗಳನ್ನು ಕಳಿಸಿದ. ಬಿಲ್ಲು ಮಾಡಲು ಈ ಮರವೇ ಬೇಕೆಂದು ಮೂಲನಿವಾಸಿಗಳು ನೂರಾರು ಮೈಲಿ ನಡೆದು ಹೋಗಿ ತರುತ್ತಾರೆ ಎಂದು ಜೊತೆಗೆ ಬರೆದ. ಕೆಲವು ವರ್ಷಗಳ ನಂತರ ಜಾನ್ ಬ್ರಾಡ್‌ಬರಿ ಎಂಬ ಸಸ್ಯಶಾಸ್ತ್ರಜ್ಞ ಮಿಸೌರಿ ನದಿಯ ಮೇಲ್ಭಾಗದ ಅರಿಕಾರಾ ಜನರ ಹಳ್ಳಿಗಳಲ್ಲಿ ಈ ಮರದ ಒಂದು ಬಿಲ್ಲಿನ ಬೆಲೆ ಒಂದು ಕುದುರೆ, ಒಂದು ಕಂಬಳಿ ಎಂದು ದಾಖಲಿಸಿದ. ಬಿಳಿಯ ಒಕ್ಕಲಿಗರಿಗೆ ಬೇಕಾಗಿದ್ದು ಬಿಲ್ಲಲ್ಲ, ಬೇಲಿ. 1840ರ ದಶಕದಿಂದ ಇಲಿನಾಯ್‌ನ ಜೊನಾಥನ್ ಬಾಲ್ಡ್‌ವಿನ್ ಟರ್ನರ್ ಈ ಮುಳ್ಳುಮರದ ಜೀವಂತ ಬೇಲಿಯನ್ನು ಊರೂರಿಗೆ ಹೇಳಿ ಹಬ್ಬಿಸಿದ. ಕಲ್ಲೂ ಇಲ್ಲದ, ಮರವೂ ಇಲ್ಲದ ಹುಲ್ಲುಗಾವಲಿನಲ್ಲಿ ದನ, ಕುದುರೆ, ಹಂದಿ ಮೂರನ್ನೂ ತಡೆಯುವ ಬೇಲಿ ಬೇರೆ ಇರಲಿಲ್ಲ. 1874ರಲ್ಲಿ ಜೋಸೆಫ್ ಗ್ಲಿಡನ್‌ಗೆ ಮುಳ್ಳುತಂತಿಯ ಪೇಟೆಂಟ್ ಸಿಕ್ಕ ಮೇಲೆ ಹೊಸದಾಗಿ ನೆಡುವುದು ಇಳಿಯಿತು. ಆದರೆ ತಂತಿಗೂ ಗೂಟ ಬೇಕಲ್ಲ. ಮಣ್ಣಿನಲ್ಲಿ ದಶಕಗಟ್ಟಲೆ ಕೊಳೆಯದ ಗೂಟ ಈ ಮರದ್ದೇ. ಹೀಗೆ ಬೇಲಿ ಸವರುವ, ಗೂಟ ಸೀಳುವ, ಉಳಿದದ್ದನ್ನು ಸೌದೆಗೆ ಒಟ್ಟುವ ಕೆಲಸ ಹೊಲದ ಮನೆಗಳಿಗೆ ಕಾಯಂ ಆಯಿತು. ಆ ರಾಶಿಯಲ್ಲಿ ಅಪರೂಪಕ್ಕೆ ನೇರವಾದ, ಗಂಟಿಲ್ಲದ ಆರಡಿ ತುಂಡೊಂದು ಕಂಡಾಗ ಅದನ್ನು ಒಲೆಗೆ ಹಾಕದೆ ಪಕ್ಕಕ್ಕಿಟ್ಟವರೇ ಇಂದಿನ ಬಿಲ್ಲುಗಾರರು.

ಆ ತುಂಡು ಬಿಲ್ಲಾಗುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಪೈಪ್ ಇಲ್ಲಿ ಯಾಕೆ ಹೊಂದುತ್ತದೆ ಎಂಬುದು ಆ ಕೆಲಸದ ನಡಿಗೆಯಲ್ಲೇ ಇದೆ. ಕಡಿದ ತುಂಡಿನ ಎರಡೂ ತುದಿಗಳಿಗೆ ಅಂಟು ಬಳಿದು ಮುಚ್ಚಬೇಕು, ಇಲ್ಲವಾದರೆ ತುದಿ ಬೇಗ ಒಣಗಿ ಬಿರಿಯುತ್ತದೆ. ಬೆಣೆ ಹೊಡೆದು ಉದ್ದಕ್ಕೆ ಸೀಳಿ, ನೆರಳಿನಲ್ಲಿ ತಿಂಗಳುಗಳೋ ವರ್ಷಗಳೋ ಕಾಯಬೇಕು. ಆಮೇಲೆ ಎರಡೂ ಕಡೆ ಹಿಡಿಯಿರುವ, ಮೈಯತ್ತ ಎಳೆದು ಹೆರೆಯುವ ಕತ್ತಿಯಿಂದ ತೊಗಟೆಯನ್ನೂ ಅದರ ಕೆಳಗಿನ ಬೆಳ್ಳನೆಯ ಹೊರಮರವನ್ನೂ ತೆಗೆದರೆ ಅರಿಶಿನ ಬಣ್ಣದ ಚೇಗು ಕಾಣಿಸುತ್ತದೆ. ಬಿಲ್ಲಿನ ಬೆನ್ನು, ಅಂದರೆ ಎಳೆದಾಗ ಹಿಗ್ಗುವ ಹೊರಮೈ, ಆದಿಯಿಂದ ಅಂತ್ಯದವರೆಗೆ ಒಂದೇ ವರ್ಷದ ಬೆಳವಣಿಗೆಯ ಉಂಗುರವಾಗಿರಬೇಕು. ಎಲ್ಲಾದರೂ ಆ ಉಂಗುರವನ್ನು ಕತ್ತರಿಸಿ ಕೆಳಗಿನದಕ್ಕೆ ಇಳಿದರೆ ಬಿಲ್ಲು ಮುಂದೊಂದು ದಿನ ಅಲ್ಲೇ ಒಡೆಯುತ್ತದೆ. ಹಾಗಾಗಿ ಕೆಲಸ ಮಾಡುವವನು ಒಂದು ಗೇಣು ಹೆರೆದು ನಿಲ್ಲುತ್ತಾನೆ, ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತಾನೆ, ಮತ್ತೆ ಹೆರೆಯುತ್ತಾನೆ. ಕೊನೆಗೆ ಎರಡು ಬಾಹುಗಳನ್ನು ಸಮವಾಗಿ ಬಾಗಿಸುವ ಹಂತದಲ್ಲಂತೂ ಹೆರೆಯುವುದಕ್ಕಿಂತ ನೋಡುವುದೇ ಹೆಚ್ಚು. ಆತುರಪಟ್ಟು ತೆಗೆದ ಮರವನ್ನು ಮತ್ತೆ ಅಂಟಿಸಲಾಗದು. ಈ ನೋಡುವ ಹೊತ್ತಿಗೆ ಕೈಗೆ ಬೇರೆ ಕೆಲಸ ಬೇಕು, ಇಲ್ಲದಿದ್ದರೆ ಅದು ತಾನಾಗಿ ಕತ್ತಿಯ ಕಡೆಗೆ ಹೋಗುತ್ತದೆ. ಪೈಪು ತುಂಬುವುದು, ಬೆರಳಿನಿಂದ ಹದವಾಗಿ ಅದುಮುವುದು, ಒಮ್ಮೆ ಹೊತ್ತಿಸಿ ಉಬ್ಬಿದ ಎಲೆಯನ್ನು ಮತ್ತೆ ಅದುಮಿ ಎರಡನೇ ಸಲ ಹೊತ್ತಿಸುವುದು, ಇವೆಲ್ಲ ಕೈಯನ್ನು ಕತ್ತಿಯಿಂದ ದೂರ ಇಡುತ್ತವೆ, ಕಣ್ಣನ್ನು ಮರದ ಮೇಲೆಯೇ ಬಿಡುತ್ತವೆ. ಹೊಗೆ ಎಳೆಯುವುದನ್ನು ಮರೆತರೆ ಪೈಪು ತಾನೇ ಆರುತ್ತದೆ. ಸಿಗರೇಟು ಸೇದಿದರೂ ಬಿಟ್ಟರೂ ಉರಿದು ಮುಗಿಯುತ್ತದೆ. ಪೈಪು ಮನುಷ್ಯನಿಗಾಗಿ ಕಾಯುತ್ತದೆ.

ಪೈಪು ದುಡಿಮೆಯ ನಡುವಿನ ವಿರಾಮವನ್ನು ಅಳೆಯುತ್ತಿತ್ತು ಎಂಬುದಕ್ಕೆ ಈ ನದಿಯ ಇತಿಹಾಸವೇ ಸಾಕ್ಷಿ. ವಾಷಿಂಗ್ಟನ್ನಿನ ಎದುರು ದಂಡೆಯಲ್ಲಿ, ಇಂದಿನ ಮಾರ್ಥಸ್‌ವಿಲ್ ಹತ್ತಿರ, ಲಾ ಶಾರೆಟ್ ಎಂಬ ಫ್ರೆಂಚ್ ಹಳ್ಳಿಯೊಂದಿತ್ತು. 1804ರ ಮೇ 25ರಂದು ಅದೇ ಲೂಯಿಸ್ ಮತ್ತು ಅವನ ಜೊತೆಗಾರ ಕ್ಲಾರ್ಕ್‌ನ ಅನ್ವೇಷಣಾ ತಂಡ ಅಲ್ಲಿ ತಂಗಿತು. ಅದರಾಚೆಗೆ ಬಿಳಿಯರ ನೆಲೆ ಇರಲಿಲ್ಲ. ತಂಡದ ದೋಣಿಗಳನ್ನು ಪ್ರವಾಹಕ್ಕೆದುರಾಗಿ ಎಳೆದವರಲ್ಲಿ ಫ್ರೆಂಚ್ ದೋಣಿಗಾರರೂ ಇದ್ದರು. ಕೆನಡಾದ ಸರೋವರಗಳಿಂದ ಹಿಡಿದು ಉತ್ತರದ ಹೊಳೆಗಳವರೆಗೆ ತುಪ್ಪಳದ ವ್ಯಾಪಾರದಲ್ಲಿ ಹುಟ್ಟು ಹಾಕುತ್ತಿದ್ದ ಇವರ ಸಮುದಾಯದಲ್ಲಿ ಗಂಟೆಗೊಮ್ಮೆಯೋ ಏನೋ ಕೆಲವು ನಿಮಿಷ ಹುಟ್ಟು ನಿಲ್ಲಿಸಿ ಪೈಪು ಹೊತ್ತಿಸುವ ಪದ್ಧತಿ ಇತ್ತು. ಆ ನಿಲುಗಡೆಗೇ ಪೈಪು ಎಂದು ಹೆಸರು. ಒಂದು ಸರೋವರ ಎಷ್ಟು ದೂರ ಎಂದರೆ ಮೂರು ಪೈಪು ದೂರ ಎನ್ನುತ್ತಿದ್ದರು. ಮಲೆನಾಡಿನ ಗದ್ದೆಯಲ್ಲಿ ನಾಟಿಯ ನಡುವೆ ಎಲೆಅಡಿಕೆ ಸಂಚಿ ಬಿಚ್ಚುವ ಹೊತ್ತನ್ನು ಬಲ್ಲವರಿಗೆ ಈ ಲೆಕ್ಕ ಹೊಸದೆನಿಸದು: ಬಾಯಿಗೆ ಹಾಕುವ ವಸ್ತು ಒಂದು ನೆಪ, ಬೆನ್ನು ನೆಟ್ಟಗಾಗುವುದು ನಿಜವಾದ ಲಾಭ. ಲೂಯಿಸ್ ಮತ್ತು ಕ್ಲಾರ್ಕ್ ತಂಡಕ್ಕೆ ಪೆಸಿಫಿಕ್ ತೀರದಲ್ಲಿ ತಂಬಾಕು ತೀರಿಹೋಯಿತು. ಮೂವತ್ತಮೂರು ಜನರಲ್ಲಿ ತಂಬಾಕು ಬಳಸದವರು ಏಳೇ ಮಂದಿ, ಉಳಿದವರು ಕಾಡುಸೇಬಿನ ತೊಗಟೆಯಿಂದ ಸುಧಾರಿಸಿಕೊಳ್ಳುತ್ತಿದ್ದಾರೆ ಎಂದು ಸಾರ್ಜೆಂಟ್ ಪ್ಯಾಟ್ರಿಕ್ ಗ್ಯಾಸ್ 1806ರ ಮಾರ್ಚ್‌ನಲ್ಲಿ ಬರೆದಿಟ್ಟ. ಇದನ್ನು ಬರೀ ಚಟ ಎಂದು ಓದಬಹುದು, ಚಟ ಅದರಲ್ಲಿ ಇದ್ದೇ ಇತ್ತು. ಆದರೆ ಎರಡು ವರ್ಷ ದಿನವಿಡೀ ದೋಣಿ ಎಳೆದವರಿಗೆ ವಿರಾಮದ ಅಳತೆಗೋಲೇ ಕಳೆದುಹೋದಂತಾಗಿತ್ತು ಎಂದೂ ಓದಬೇಕು.

ಇನ್ನೂ ಪಶ್ಚಿಮಕ್ಕೆ ಹೋದರೆ ನದಿಯ ಎತ್ತರದ ದಂಡೆಯ ಮೇಲೆ ಆರೋ ರಾಕ್ ಸಿಗುತ್ತದೆ. ನೂರು ಜನರೂ ಇಲ್ಲದ ಈ ಹಳ್ಳಿಯನ್ನು 1963ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಿದರು. ಇಲ್ಲಿನ ಬಂಡೆಯಲ್ಲಿ ಸಿಗುವ ಚಕಮಕಿ ಕಲ್ಲಿನಿಂದ ಮೂಲನಿವಾಸಿಗಳು ಬಾಣದ ಮೊನೆಗಳನ್ನು ಮಾಡುತ್ತಿದ್ದರು. ಹದಿನೆಂಟನೇ ಶತಮಾನದ ಫ್ರೆಂಚ್ ನಕ್ಷೆಯಲ್ಲೇ ಬಾಣದ ಕಲ್ಲು ಎಂಬ ಹೆಸರು ಇದೆ. ಇದೇ ಹಳ್ಳಿಯಲ್ಲಿ 1837ರಲ್ಲಿ ಮನೆ ಕಟ್ಟಿಕೊಂಡ ಚಿತ್ರಕಾರ ಜಾರ್ಜ್ ಕೇಲಬ್ ಬಿಂಗ್‌ಹ್ಯಾಮ್. ಮಿಸೌರಿಯಲ್ಲಿ ಇಳಿದು ಬರುತ್ತಿರುವ ತುಪ್ಪಳದ ವ್ಯಾಪಾರಿಗಳನ್ನು ಅವನು 1845ರಲ್ಲಿ ಬಿಡಿಸಿದ. ಈಗ ಆ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ದೋಣಿಯ ಹಿಂಬದಿಯಲ್ಲಿ ಕೂತ ಮುದುಕನ ಕೈಯಲ್ಲಿ ಹುಟ್ಟು, ಬಾಯಲ್ಲಿ ಪೈಪು. ದೋಣಿ ಪ್ರವಾಹದ ಜೊತೆಗೇ ಹೋಗುತ್ತಿರುವುದರಿಂದ ಹುಟ್ಟಿಗೆ ದಾರಿ ತಿದ್ದುವ ಕೆಲಸ ಮಾತ್ರ. ಮೇಲೆ ಹತ್ತುವಾಗ ಪೈಪಿಗೆ ನಿಲ್ಲಬೇಕು, ಕೆಳಗೆ ಇಳಿಯುವಾಗ ಪೈಪು ಕೆಲಸದ ಒಳಕ್ಕೇ ಬಂದು ಕೂರುತ್ತದೆ. ಹೊರಗಿನ ಎಲ್ಲ ಕೆಲಸಗಳೂ ಹೀಗೆ ಎರಡು ಬಗೆ. ಕೊಡಲಿ ಎತ್ತಿ ಸೌದೆ ಸೀಳುವಾಗ ಬಾಯಲ್ಲಿ ಪೈಪಿದ್ದರೆ ಉಸಿರು ಸಾಲದು, ಹಲ್ಲಿಗೂ ಅಪಾಯ. ಸೀಳಿದ್ದನ್ನು ಒಟ್ಟುವಾಗ, ತಂತಿ ಬಿಗಿಯಾಗಿದೆಯೇ ಎಂದು ಬೇಲಿಯುದ್ದಕ್ಕೂ ನಡೆದು ನೋಡುವಾಗ, ಕಡಿದ ಮುಳ್ಳುಕೊಂಬೆಗಳ ರಾಶಿಗೆ ಬೆಂಕಿಯಿಟ್ಟು ಅದು ಹತೋಟಿ ತಪ್ಪದಂತೆ ಕಾಯುವಾಗ ಪೈಪಿನಷ್ಟು ಒಳ್ಳೆಯ ಜೊತೆ ಇನ್ನೊಂದಿಲ್ಲ.

ಬಿಲ್ಲುಗಾರಿಕೆಯಲ್ಲಿ ಈ ನಿಯಮ ಇನ್ನೂ ಕಟ್ಟುನಿಟ್ಟು. ಸಾಂಪ್ರದಾಯಿಕ ಬಿಲ್ಲಿಗೆ ಗುರಿ ಹಿಡಿಯುವ ಉಪಕರಣ ಏನೂ ಇರುವುದಿಲ್ಲ. ಬಾಣದ ತುದಿ ಎಲ್ಲಿಗೆ ಹೋಗುತ್ತದೆ ಎಂಬುದು ಪ್ರತಿ ಸಲವೂ ಹೆದೆಯನ್ನು ಮುಖದ ಒಂದೇ ಜಾಗಕ್ಕೆ ಎಳೆದು ತಾಗಿಸುವುದರ ಮೇಲೆ ನಿಂತಿದೆ. ಹೆಚ್ಚಿನವರಿಗೆ ಆ ಜಾಗ ಬಾಯಿಯ ಮೂಲೆ. ಪೈಪು ಇರುವುದೂ ಅಲ್ಲೇ. ಹೀಗಾಗಿ ಪೈಪು ಕಚ್ಚಿಕೊಂಡು ಬಾಣ ಬಿಡಲು ಹೋದವನಿಗೆ ಗುರಿಯೂ ತಪ್ಪುತ್ತದೆ, ಹೆದೆ ಚಿಮ್ಮಿ ಪೈಪೂ ಹಾರುತ್ತದೆ. ಬಾಣ ಬಿಡುವ ಮೊದಲು ಅದನ್ನು ಕೆಳಗಿಡಲೇಬೇಕು. ಆರೇಳು ಬಾಣ ಬಿಟ್ಟು, ಗುರಿಯವರೆಗೆ ನಡೆದು, ಕಿತ್ತು, ತಿರುಗಿ ಬರುವ ದಾರಿಯೇ ಪೈಪಿನ ಹೊತ್ತು. ಕಾಡಿನಲ್ಲಿ ನಡೆಯುತ್ತಾ ಕೊಳೆತ ಮರದ ಬೊಡ್ಡೆಗಳಿಗೆ ಮೊಂಡು ಮೊನೆಯ ಬಾಣ ಬಿಡುವ ಆಟವೊಂದಿದೆ. ಅದರಲ್ಲಿ ಬಾಣ ಬಿಡುವುದು ಕ್ಷಣಗಳ ಮಾತು, ನಡೆಯುವುದೂ ಹುಡುಕುವುದೂ ಗಂಟೆಗಳದು. ಅಲ್ಲಿ ಪೈಪಿನ ಹೊಗೆ ಗಾಳಿ ಯಾವ ಕಡೆಗೆ ಎಂಬುದನ್ನೂ ತೋರಿಸುತ್ತದೆ. ಬೇಟೆಯಲ್ಲಿ ಮಾತ್ರ ಪೈಪಿಗೆ ಜಾಗವೇ ಇಲ್ಲ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಕಾಣಿಸಿಕೊಂಡ, ತನ್ನ ಯಾಹಿ ಜನಾಂಗದಲ್ಲಿ ಕೊನೆಯವನಾಗಿ ಉಳಿದಿದ್ದ ಇಶಿಯಿಂದ ಬಿಲ್ಲುವಿದ್ಯೆ ಕಲಿತ ವೈದ್ಯ ಸ್ಯಾಕ್ಸ್‌ಟನ್ ಪೋಪ್ 1923ರಲ್ಲಿ ಬಿಲ್ಲುಬಾಣದ ಬೇಟೆಯ ಬಗ್ಗೆ ಪುಸ್ತಕ ಬರೆದ. ಇಂದಿನ ಅಮೆರಿಕದ ಬಿಲ್ಲುಗಾರರಿಗೆ ಅದು ಮೂಲಗ್ರಂಥ. ಇಶಿಯ ಜನ ಬೇಟೆಗೆ ಮುನ್ನ ಮೀನು ತಿನ್ನುತ್ತಿರಲಿಲ್ಲ, ತಂಬಾಕು ಸೇದುತ್ತಿರಲಿಲ್ಲ, ಜಿಂಕೆಗೆ ಆ ವಾಸನೆ ಬಹುದೂರದಿಂದ ತಿಳಿಯುತ್ತದೆ ಎಂದು ಪೋಪ್ ಅದರಲ್ಲಿ ದಾಖಲಿಸಿದ್ದಾನೆ. ಇದು ನನ್ನ ವಾದಕ್ಕೆ ವಿರುದ್ಧವೆಂದು ಯಾರಾದರೂ ಹೇಳಬಹುದು. ನನಗೆ ಇದು ವಾದದ ಬೆನ್ನೆಲುಬು. ಯಾವಾಗ ಹೊತ್ತಿಸಬಾರದು ಎಂಬುದನ್ನು ಬಲ್ಲವನ ಕೈಯಲ್ಲಿ ಮಾತ್ರ ಪೈಪು ವಿರಾಮವಾಗಿ ಉಳಿಯುತ್ತದೆ.

ಹಳೆಯದನ್ನು ಹಿಡಿದುಕೊಂಡಿರುವುದರಲ್ಲಿ ಏನು ಗುಣವಿದೆ, ನಿಧಾನವೇ ಒಂದು ಮೌಲ್ಯವೇ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಅದಕ್ಕೆ ಉತ್ತರವನ್ನೂ ಮಿಸೌರಿಯೇ ಕೊಡುತ್ತದೆ, ಏಕೆಂದರೆ ಸಾಂಪ್ರದಾಯಿಕ ಬಿಲ್ಲನ್ನು ಅಂಗಡಿಗಳಲ್ಲಿ ಹಿಂದಕ್ಕೆ ತಳ್ಳಿದ ಯಂತ್ರವೂ ಇದೇ ರಾಜ್ಯದವನ ಕೂಸು. ಹೊಲೆಸ್ ವಿಲ್ಬರ್ ಆ್ಯಲನ್ ಎಂಬ ಮಿಸೌರಿಯ ವ್ಯಕ್ತಿ ಬಿಲ್ಲಿನ ತುದಿಗಳಿಗೆ ರಾಟೆಗಳನ್ನು ಕೂರಿಸಿ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1969ರಲ್ಲಿ ಅದು ಮಂಜೂರಾಯಿತು. ಈ ಕಾಂಪೌಂಡ್ ಬಿಲ್ಲಿನಲ್ಲಿ ಪೂರ್ತಿ ಎಳೆದ ಮೇಲೆ ಭಾರದ ಬಹುಪಾಲನ್ನು ರಾಟೆಯೇ ಹೊರುತ್ತದೆ, ಆರಾಮವಾಗಿ ಗುರಿ ಹಿಡಿದು ನಿಲ್ಲಬಹುದು. ಮರದ ಬಿಲ್ಲಿನಲ್ಲಿ ಎಳೆದಷ್ಟೂ ಭಾರ ಬೆರಳಿನ ಮೇಲೆ. ಇಪ್ಪತ್ತು ಕಿಲೋ ತೂಕವನ್ನು ಮೂರು ಬೆರಳಲ್ಲಿ ಹಿಡಿದು ಯಾರೂ ಹೆಚ್ಚು ಹೊತ್ತು ನಿಲ್ಲಲಾರರು. ಹೆಚ್ಚು ಬಾಣ ಬಿಟ್ಟರೆ ತೋಳು ಸೋಲುತ್ತದೆ, ಸೋತ ತೋಳು ಕೆಟ್ಟ ಅಭ್ಯಾಸ ಕಲಿಯುತ್ತದೆ. ತಂಬಾಕಿನಲ್ಲಿ ಇಂಥದೇ ತಿರುವು 1880ರ ದಶಕದಲ್ಲಿ ಬಂತು: ಜೇಮ್ಸ್ ಬೊನ್ಸಾಕ್ ಕಂಡುಹಿಡಿದ ಯಂತ್ರ ಸಿಗರೇಟನ್ನು ಅಗ್ಗವಾಗಿ, ಲೆಕ್ಕವಿಲ್ಲದಷ್ಟು ಸುತ್ತಿತು. ಐದು ನಿಮಿಷದ ಸಿಗರೇಟು ಕಾರ್ಖಾನೆಯ ಗಂಟೆಗೆ ಒಗ್ಗಿತು, ಮುಕ್ಕಾಲು ಗಂಟೆ ಬೇಡುವ ಪೈಪು ಒಗ್ಗಲಿಲ್ಲ. ಇವೆರಡನ್ನೂ ಕೇಡು ಎಂದು ಒಂದೇ ತಕ್ಕಡಿಗೆ ಹಾಕಲು ನಾನು ಒಪ್ಪುವುದಿಲ್ಲ. ಸಿಗರೇಟು ಕೋಟ್ಯಂತರ ಜನರನ್ನು ಕೊಂದಿದೆ. ಕಾಂಪೌಂಡ್ ಬಿಲ್ಲು ತೋಳಿನಲ್ಲಿ ಬಲ ಕಡಿಮೆ ಇರುವವರಿಗೂ ಬಿಲ್ಲುಗಾರಿಕೆಯ ಬಾಗಿಲು ತೆರೆದಿದೆ. ನಾನು ಹೇಳುವುದು ಇಷ್ಟೇ: ನಿಧಾನ ತಾನಾಗಿ ಮೌಲ್ಯವಲ್ಲ, ಆದರೆ ವಸ್ತುವೇ ಹೇರುವ ನಿಧಾನಕ್ಕೆ ಒಂದು ಬೆಲೆಯಿದೆ. ದೃಢಸಂಕಲ್ಪ ಮಾಡಿ ವಿಶ್ರಾಂತಿ ತೆಗೆದುಕೊಳ್ಳುವುದು ಬಹಳ ಜನಕ್ಕೆ ಆಗದ ಮಾತು. ತೋಳು ಸೋತು, ಪೈಪು ಬಿಸಿಯೇರಿ, ಮರ ಇನ್ನೂ ಒಣಗದೆ ನಿಲ್ಲಿಸಿದಾಗ ಅವರೂ ನಿಲ್ಲುತ್ತಾರೆ.

ಇನ್ನೊಂದು ಆಕ್ಷೇಪ ಬೆಂಕಿಯದು, ಅದು ನ್ಯಾಯವಾದದ್ದೇ. ಒಣಗಿದ ಹೆರೆಮರದ ರಾಶಿ, ಹುಲ್ಲಿನ ಮೆದೆ, ಬೇಸಿಗೆಯ ಕೊನೆಯ ಹುಲ್ಲುಗಾವಲು, ಚೈನ್ ಸಾದ ಪೆಟ್ರೋಲ್ ಕ್ಯಾನು, ಇವುಗಳ ನಡುವೆ ಕೆಂಡ ಹೊತ್ತು ತಿರುಗುವುದು ಹುಚ್ಚುತನ. ಗಾಳಿಯಲ್ಲಿ ಪೈಪು ಬೇಗ ಉರಿದು ನಾಲಿಗೆ ಸುಡುತ್ತದೆ, ದಿಂಡಿನ ಬುಡ ತೂತಾಗುತ್ತದೆ, ಕಿಡಿ ಹಾರುತ್ತದೆ. ಈ ಕಷ್ಟ ಪೈಪು ಮಾಡುವವರಿಗೂ ಗೊತ್ತಿತ್ತು. ಲಂಡನ್ನಿನ ಆಲ್ಫ್ರೆಡ್ ಡನ್‌ಹಿಲ್ 1904ರಲ್ಲಿ ಮುಚ್ಚುಗಡೆಯಿಲ್ಲದ ಕಾರುಗಳನ್ನು ಓಡಿಸುವವರಿಗಾಗಿ ಗಾಳಿತಡೆಯ ಪೈಪೊಂದನ್ನು ರೂಪಿಸಿದ. ತೂತುಗಳಿರುವ ಲೋಹದ ಮುಚ್ಚಳಗಳು ಇವತ್ತಿಗೂ ಸಿಗುತ್ತವೆ. ಆದರೆ ಮುಚ್ಚಳಕ್ಕಿಂತ ಮೇಲಿನ ಉಪಾಯ ಹೊತ್ತಿಸದಿರುವುದು. ಕೊಟ್ಟಿಗೆಯಲ್ಲಿ ಇಲ್ಲ, ಹೆರೆಮರ ಗುಡಿಸುವವರೆಗೆ ಇಲ್ಲ, ಬರಗಾಲದ ಹುಲ್ಲಿನ ಮೇಲೆ ಇಲ್ಲವೇ ಇಲ್ಲ. ಬೂದಿಯನ್ನು ನೀರಿಗೋ ಬರೀ ಮಣ್ಣಿಗೋ ತಟ್ಟಿ, ಬೆರಳಿನಿಂದ ಮುಟ್ಟಿ ನೋಡಿ ಏಳುವುದು ಆ ಸುಖದ ಭಾಗವೇ ಆಗಿರಬೇಕು.

ನದಿಯನ್ನು ಕ್ಯಾನ್ಸಸ್ ಸಿಟಿ ದಾಟಿ ಉತ್ತರಕ್ಕೆ ಹಿಂಬಾಲಿಸಿದರೆ ವೆಸ್ಟನ್ ಊರು. ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ತಂಬಾಕಿನ ಮಾರುಕಟ್ಟೆಯೆಂದರೆ ಇದೇ ಎಂದು ಹೆಸರಾಗಿತ್ತು. ಬೆಳೆ ಬರ್ಲಿ ತಳಿಯದು. 1864ರಲ್ಲಿ ಓಹಾಯೊದ ಬ್ರೌನ್ ಕೌಂಟಿಯಲ್ಲಿ ತಿಳಿಬಣ್ಣದ ಸಸಿಗಳು ಆಕಸ್ಮಿಕವಾಗಿ ಕಂಡು, ಅವುಗಳಿಂದ ಬಿಳಿ ಬರ್ಲಿ ಹಬ್ಬಿತು. ಹುಣಸೂರು, ಪಿರಿಯಾಪಟ್ಟಣದ ಕಡೆಯ ಬ್ಯಾರನ್‌ಗಳನ್ನು ಕಂಡವರಿಗೆ ತಂಬಾಕು ಹದ ಮಾಡುವುದೆಂದರೆ ಸೌದೆ ಉರಿಸಿ, ಕೊಳವೆಯ ಶಾಖದಲ್ಲಿ ವಾರದೊಳಗೆ ಎಲೆಯನ್ನು ಹಳದಿಗೆ ತರುವ, ರಾತ್ರಿ ನಿದ್ದೆಗೆಡಿಸುವ ಕೆಲಸ. ಅದು ವರ್ಜೀನಿಯಾ ತಳಿ, ಸಿಗರೇಟಿಗೆ ಹೋಗುವಂಥದು. ಬರ್ಲಿಗೆ ಬೆಂಕಿ ಬೇಡ. ಗಾಳಿಯಾಡುವ ಎತ್ತರದ ಕಪ್ಪು ಕೊಟ್ಟಿಗೆಗಳಲ್ಲಿ ಗಿಡವನ್ನು ತಲೆಕೆಳಗಾಗಿ ತೂಗಿಬಿಟ್ಟು ಒಂದೆರಡು ತಿಂಗಳು ಕಾಯುತ್ತಾರೆ. ಆ ಹೊತ್ತಿಗೆ ಎಲೆಯ ಸಕ್ಕರೆಯೆಲ್ಲ ಕಳೆದು, ಕಂದು ಬಣ್ಣಕ್ಕೆ ತಿರುಗಿ, ಸಮನಾಗಿ ತಣ್ಣಗೆ ಉರಿಯುವ ಗುಣ ಬರುತ್ತದೆ. ಹೊರಗೆ ಗಾಳಿಯಲ್ಲಿ ಸೇದುವವರು ಬರ್ಲಿಯನ್ನು ಮೆಚ್ಚುವುದು ಈ ಕಾರಣಕ್ಕೆ.

ಇಷ್ಟೆಲ್ಲ ಹೇಳಿದ ಮೇಲೂ ದೊಡ್ಡ ಆಕ್ಷೇಪ ಎದುರಿಗೇ ನಿಂತಿದೆ. ತಂಬಾಕು ವಿಷ. ಪೈಪಿನ ಹೊಗೆಯನ್ನು ಸಾಮಾನ್ಯವಾಗಿ ಶ್ವಾಸಕೋಶಕ್ಕೆ ಎಳೆದುಕೊಳ್ಳುವುದಿಲ್ಲ, ಹಾಗಾಗಿ ಅದು ನಿರಪಾಯ ಎಂಬ ಮಾತು ಪೈಪು ಸೇದುವವರಲ್ಲಿ ಬಹಳ ಕಾಲದಿಂದ ಇದೆ. ಅದು ಸುಳ್ಳು. ಪೈಪಿಗೂ ತುಟಿಯ ಕ್ಯಾನ್ಸರಿಗೂ ಇರುವ ನಂಟನ್ನು ಅಮೆರಿಕದ ಸರ್ಜನ್ ಜನರಲ್ 1964ರ ವರದಿಯಲ್ಲೇ ಹೇಳಿದ್ದರು. ಪೈಪು ಮಾತ್ರ ಸೇದುವ ಗಂಡಸರ ಬಗ್ಗೆ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶ್ವಾಸಕೋಶ, ಬಾಯಿ ಮತ್ತು ಗಂಟಲು, ಅನ್ನನಾಳ ಇವುಗಳ ಕ್ಯಾನ್ಸರಿನಿಂದ ಸಾಯುವ ಅಪಾಯ ಸೇದದವರಿಗಿಂತ ಹೆಚ್ಚೆಂದು ಕಂಡುಬಂತು. ಸಿಗರೇಟಿಗಿಂತ ಕಡಿಮೆ ಎಂಬುದು ನಿಜ, ಆದರೆ ಅದರಿಂದ ಅಪಾಯವಿಲ್ಲ ಎಂದಾಗುವುದಿಲ್ಲ. ಸೇದದವನು ಹೊಸದಾಗಿ ಪೈಪು ಹಿಡಿಯಬೇಕೆಂದು ನಾನು ಯಾರಿಗೂ ಹೇಳಲಾರೆ. ಹಾಗಾದರೆ ಪೈಪಿನ ಸುಖದ ಪರವಾಗಿ ವಾದಿಸುವುದು ಹೇಗೆ? ಲಂಡನ್ನಿನ ಬಿಲ್ಲುಗಾರಿಕೆಯ ಇತಿಹಾಸದಿಂದ ಒಂದು ಸಂಗತಿ ಹೇಳುತ್ತೇನೆ. ಸರ್ ಆಷ್ಟನ್ ಲೀವರ್ ಎಂಬವನ ಕಾರ್ಯದರ್ಶಿ ಥಾಮಸ್ ವೇರಿಂಗ್‌ಗೆ ಮೇಜಿಗೆ ಎದೆಯೊತ್ತಿ ಬರೆದೂ ಬರೆದೂ ಎದೆಯ ಬಾಧೆ ಅಂಟಿಕೊಂಡಿತ್ತು. ಅವನು ಬಿಲ್ಲು ಹಿಡಿದು ಗುಣ ಕಂಡ. ಅದನ್ನು ನೋಡಿಯೇ ಲೀವರ್ 1781ರಲ್ಲಿ ಟಾಕ್ಸೊಫಿಲೈಟ್ ಸೊಸೈಟಿಯನ್ನು ಕಟ್ಟಿದ, ಇಂಗ್ಲೆಂಡಿನಲ್ಲಿ ಬಿಲ್ಲುಗಾರಿಕೆ ಹವ್ಯಾಸವಾಗಿ ಮರುಹುಟ್ಟು ಪಡೆಯಿತು. ಬಿಲ್ಲು ಎದೆ ತೆರೆಯುತ್ತದೆ, ಹೊಗೆ ಎದೆ ಕೆಡಿಸುತ್ತದೆ, ಇವೆರಡನ್ನೂ ಒಂದೇ ಮನುಷ್ಯ ಪ್ರೀತಿಸುವುದು ವಿರೋಧಾಭಾಸವೇ. ಅದನ್ನು ಮುಚ್ಚಿಡದೆ ಒಪ್ಪಿಕೊಳ್ಳಬೇಕು. ನಾನು ಸಮರ್ಥಿಸುತ್ತಿರುವುದು ಆ ಬದುಕಿನ ಲಯವನ್ನು. ತಂಬಾಕಿಲ್ಲದೆಯೂ ಆ ಲಯ ಉಳಿಯಬಲ್ಲದು, ಉಳಿದರೆ ಒಳ್ಳೆ‌ಯದು. ತಂಬಾಕು ಬಿಟ್ಟು ಖಾಲಿ ಪೈಪನ್ನು ಕಚ್ಚಿಕೊಂಡು, ಅಥವಾ ಚಹಾದ ಫ್ಲಾಸ್ಕು ಇಟ್ಟುಕೊಂಡು ಅದೇ ನಿಲುಗಡೆಗಳನ್ನು ಪಾಲಿಸುವವನು ಏನನ್ನೂ ಕಳೆದುಕೊಂಡಿಲ್ಲ. ನಿಲ್ಲುವುದನ್ನೇ ಬಿಟ್ಟವನು ಕಳೆದುಕೊಂಡಿದ್ದಾನೆ.

ಕೊನೆಯ ಪ್ರಶ್ನೆ ಮೂಲನಿವಾಸಿಗಳದು. ತಂಬಾಕೂ ಅವರದು, ಪೈಪೂ ಅವರದು, ಬಿಲ್ಲಿನ ಮರದ ಹೆಸರೇ ಓಸೇಜ್ ಜನಾಂಗದ್ದು. ಆ ಜನಾಂಗ 1808 ಮತ್ತು 1825ರ ಒಪ್ಪಂದಗಳಲ್ಲಿ ಮಿಸೌರಿಯ ನೆಲವನ್ನೆಲ್ಲ ಬಿಟ್ಟುಕೊಡಬೇಕಾಯಿತು. ಇಂದು ಅವರ ನೆಲೆ ಒಕ್ಲಹೋಮದಲ್ಲಿದೆ. ಅವರ ಹಾಗೂ ನೆರೆಯ ಜನಾಂಗಗಳ ಬದುಕಿನಲ್ಲಿ ಪೈಪು ಪ್ರಾರ್ಥನೆಯ, ಒಡಂಬಡಿಕೆಯ ವಸ್ತು. ಮಿನೆಸೋಟದ ಪೈಪ್‌ಸ್ಟೋನ್‌ನಲ್ಲಿ ಪೈಪಿಗೆಂದು ಕೆಂಪು ಕಲ್ಲು ತೆಗೆಯುವ ಗಣಿ 1937ರಿಂದ ರಾಷ್ಟ್ರೀಯ ಸ್ಮಾರಕ, ಕಲ್ಲು ತೆಗೆಯುವ ಹಕ್ಕು ಮೂಲನಿವಾಸಿಗಳಿಗೆ ಮಾತ್ರ. ಪವಿತ್ರವಾದುದನ್ನು ಸೌದೆ ಒಟ್ಟುವ ಹೊತ್ತಿನ ಹವ್ಯಾಸ ಮಾಡಿಕೊಂಡಿದ್ದು ಸರಿಯೇ ಎಂದು ಕೇಳುವವರಿಗೆ ನನ್ನಲ್ಲಿ ಪೂರ್ತಿ ಸಮಾಧಾನದ ಉತ್ತರವಿಲ್ಲ. ಆದರೆ ದಿಂಡಿನ ಪೈಪು ಆ ಪವಿತ್ರ ಪೈಪಿನ ನಕಲಾಗಿ ಹುಟ್ಟಲಿಲ್ಲ, ಯಾರ ಆಚರಣೆಯನ್ನೂ ಅಭಿನಯಿಸುವುದಿಲ್ಲ. ತಪ್ಪಾಗುವುದು ಗರಿ ಸಿಕ್ಕಿಸಿಕೊಂಡು, ಕೆಂಪು ಕಲ್ಲಿನ ಪೈಪು ಹಿಡಿದು ಇನ್ನೊಬ್ಬರ ಪ್ರಾರ್ಥನೆಯನ್ನು ಆಡಿ ತೋರಿಸಿದಾಗ. ಮರದ ಬಿಲ್ಲು ಮಾಡುವವರ ಮೇಲೆ ಇರುವ ಋಣ ಬೇರೆ ಬಗೆಯದು: ಈ ಮರ ಬಿಲ್ಲಿಗಾಗುತ್ತದೆ ಎಂದು ಕಂಡುಕೊಂಡವರು ಯಾರು, ಆ ನೆಲ ಅವರ ಕೈತಪ್ಪಿದ್ದು ಹೇಗೆ ಎಂಬುದನ್ನು ಕಲಿಸುವಾಗಲೆಲ್ಲ ಹೇಳುವುದು.

ಈಗ ಅವಸರದ ಸಂಗತಿಯೊಂದಿದೆ. ಟ್ರ್ಯಾಕ್ಟರುಗಳು ದೊಡ್ಡದಾದಂತೆ ಹೊಲಗಳೂ ದೊಡ್ಡದಾಗಬೇಕಾಗಿ, ಮಿಸೌರಿ ಮತ್ತು ಕ್ಯಾನ್ಸಸ್‌ಗಳಲ್ಲಿ ಒಂದೂವರೆ ಶತಮಾನದ ಮುಳ್ಳುಬೇಲಿಗಳನ್ನು ಬುಲ್ಡೋಜರಿನಿಂದ ಕಿತ್ತು, ರಾಶಿ ಹಾಕಿ ಸುಡುತ್ತಾರೆ. ರೈತನ ಲೆಕ್ಕ ತಪ್ಪೆಂದು ನಾನು ಹೇಳುವುದಿಲ್ಲ. ಬೇಲಿಯ ಬೇರು ಹಲವು ಸಾಲು ಬೆಳೆಯ ನೀರು ಕುಡಿಯುತ್ತದೆ, ಮುಳ್ಳು ಟೈರು ಚುಚ್ಚುತ್ತದೆ. ಆದರೆ ಬೇಲಿಯ ಸಾಲಿನಲ್ಲಿ ಒತ್ತೊತ್ತಾಗಿ ಬೆಳೆದು ಬೆಳಕಿಗಾಗಿ ಮೇಲಕ್ಕೇರಿದ ಮರಗಳಲ್ಲೇ ಬಿಲ್ಲಿಗಾಗುವ ನೇರ ಕಾಂಡ ಸಿಗುವುದು ಹೆಚ್ಚು. ಬೆಂಕಿಯಿಡುವ ಮೊದಲು ಆ ರಾಶಿಯ ಸುತ್ತ ಒಮ್ಮೆ ನಡೆದು, ತೋಳಿಗಿಂತ ದಪ್ಪದ, ತಿರುಚಿಕೊಳ್ಳದ, ಆರಡಿಯಷ್ಟು ಗಂಟಿಲ್ಲದ ತುಂಡುಗಳನ್ನು ಎಳೆದಿಟ್ಟು, ತುದಿಗಳಿಗೆ ಹಳೆಯ ಬಣ್ಣವನ್ನೋ ಮರದ ಅಂಟನ್ನೋ ಬಳಿದರೆ ಸಾಕು. ಅಷ್ಟಕ್ಕೆ ಅರ್ಧ ದಿನ ಬೇಡ. ಹಾಗೆ ಎತ್ತಿಟ್ಟ ತುಂಡುಗಳನ್ನು ಹಣ ಕೊಟ್ಟು ಒಯ್ಯುವ ಬಿಲ್ಲುಗಾರರು ಆ ರಾಜ್ಯದಲ್ಲಿ ಮಾತ್ರವಲ್ಲ, ಈ ಮರ ಬೆಳೆಯದ ಊರುಗಳಲ್ಲೂ ಇದ್ದಾರೆ.